ಕಾರಣದ ಕಾಲಮ್ಮಿನಲ್ಲಿ ನಗು ಇರಲಿಲ್ಲ

ಅಕ್ಕ ಅವತ್ತು ಹಳದಿ ಸೀರೆ ಉಟ್ಟಿದ್ದಳು ಎಂದು ಬರೆದು ಹೊಡೆದುಹಾಕಿದ್ದೇನೆ. ಅವಳ ಪ್ರಕಾರ ಅದು ನೀಲಿ. ಸೀರೆಯ ಬಣ್ಣವನ್ನೇ ನೆಟ್ಟಗೆ ಇಟ್ಟುಕೊಳ್ಳಲಾಗದ ನೆನಪು ಮಿಕ್ಕಿದ್ದನ್ನು ಎಷ್ಟು ಸರಿಯಾಗಿ ಇಟ್ಟಿರುತ್ತದೆ? ಆದರೂ ಇಷ್ಟು ಖಚಿತ: ಅದು ಹರಿಹರದಲ್ಲಿ, ಅಕ್ಕನ ಮೊಮ್ಮಗನ ನಾಮಕರಣ. ಊಟ ಮುಗಿದು ಹೆಂಗಸರೆಲ್ಲ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆವು. ಬೀಗರು ಮಂಡಕ್ಕಿ ಜೊತೆ ಮಿರ್ಚಿ ತಿಂದದ್ದನ್ನು ಅಕ್ಕ ಅಣಕಿಸುತ್ತಿದ್ದಳು.

"ಕಣ್ಣಾಗ ನೀರು, ಮೂಗಾಗ ನೀರು. ಆದ್ರೂ ಮನುಷ್ಯ 'ಏನ್ ಖಾರನೇ ಇಲ್ಲ ಬಿಡ್ರಿ' ಅಂತಾನೆ!"

ಹೇಳುತ್ತ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೀಗರ ಗತ್ತಿನಲ್ಲೇ, ಅಲ್ಲಿ ಇಲ್ಲದ ಇನ್ನೊಂದು ಮಿರ್ಚಿಗೆ ಕೈ ಚಾಚಿದಳು. ನಾನು ನಕ್ಕೆ. ನಗುವಿನ ನಡುವೆಯೇ ತೊಡೆ ಬೆಚ್ಚಗಾಯಿತು. ಎದ್ದೆ. ಸೆರಗನ್ನು ಹಿಂದಕ್ಕೆ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ದಾವಣಗೆರೆಯವರೆಗೆ, ಸೀಟು ಖಾಲಿ ಇದ್ದರೂ, ನಿಂತೇ ಬಂದೆ.

ಆಮೇಲೆ ಮೂರು ವರ್ಷ ಅಕ್ಕನ ಮನೆಗೆ ಹೋಗಲಿಲ್ಲ. ನನ್ನನ್ನು ಹಾಗೆ ನಗಿಸುವವಳು ಅವಳೊಬ್ಬಳೇ. ಅದಕ್ಕೇ ಹೋಗಲಿಲ್ಲ. ಅವಳೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ನಾನು ಕೇಳಿಕೊಳ್ಳಲೂ ಇಲ್ಲ.

ಗಂಡ ತೀರಿಕೊಂಡ ಮೇಲೆ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ನಾನೊಬ್ಬಳೇ. ಒಬ್ಬಳೇ ಇರುವವಳಿಗೆ ಮುಚ್ಚಿಡುವುದು ಸುಲಭ. ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಹಳೆಯ ಹತ್ತಿ ಸೀರೆ ಹರಿದು ಮಡಿಸಿ ಇಟ್ಟುಕೊಂಡೆ. ಕಪ್ಪು, ಕಡುಗೆಂಪು ಬಿಟ್ಟು ಬೇರೆ ಬಣ್ಣ ಉಡಲಿಲ್ಲ. ಮದುವೆಗೆ ಕರೆಯಲು ಬಂದವರಿಗೆ ಮಂಡಿನೋವು ಎಂದೆ. ಹೇಳಿ ಹೇಳಿ ಮಂಡಿ ನಿಜವಾಗಿಯೂ ನೋಯತೊಡಗಿತು. ಅಥವಾ ಮೊದಲೇ ನೋಯುತ್ತಿತ್ತೋ ಏನೋ, ಈಗ ಬೇರ್ಪಡಿಸಿ ಹೇಳಲಾರೆ.

ಆ ಮಂಡಿಗೆಂದೇ ಫಿಸಿಯೋಥೆರಪಿಗೆ ಹೋದದ್ದು. ಅಲ್ಲಿದ್ದವಳಿಗೆ ಮೂವತ್ತರ ಆಸುಪಾಸು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು ಮಾಡಿಸಿದಳು. ನಾಲ್ಕನೆಯ ಸಲ ನಾನು ಅರ್ಧಕ್ಕೆ ನಿಂತೆ.

"ನೋವಾ ಆಂಟಿ?"

"ಇಲ್ಲ."

"ಮತ್ತೆ?"

ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡೆ. ಅವಳು ಪರದೆ ಎಳೆದು ದನಿ ತಗ್ಗಿಸಿದಳು. "ಎದ್ರೆ, ಕೆಮ್ಮಿದ್ರೆ ಒಂದಕ್ಕೆ ತಡಿಯಾಕಾಗಲ್ಲ, ಅಷ್ಟೇನಾ?"

ನನ್ನ ಮೂರು ವರ್ಷವನ್ನು ಅವಳು 'ಅಷ್ಟೇನಾ' ಎಂದಳು. ಬೇಸರವಾಗಲಿಲ್ಲ, ಅಳು ಬಂತು.

"ಹೆರಿಗೆ ಆದೋರು, ಮುಟ್ಟು ನಿಂತೋರು, ಭಾಳ ಜನಕ್ಕೆ ಐತೆ ಆಂಟಿ. ಯಾರೂ ಬಾಯಿ ಬಿಡಲ್ಲ. ಅದಕ್ಕೇ ಒಬ್ಬೊಬ್ರೂ ತಮಗೊಬ್ರಿಗೇ ಅನ್ಕೊಂಡು ಕೂತಿರ್ತಾರೆ. ನೀರು ಕುಡಿಯಾದು ಬಿಡಬ್ಯಾಡ್ರಿ, ಬಿಟ್ರೆ ಉರಿ ಜಾಸ್ತಿ ಆಗ್ತೈತೆ."

ಮೊದಲು ಹೆಂಗಸರ ಡಾಕ್ಟರ ಹತ್ತಿರ ಕಳಿಸಿದಳು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ಆಮೇಲೆ ಒಂದು ಚಿತ್ರ ತೋರಿಸಿದಳು: ಸೊಂಟದ ಮುಂದಿನ ಮೂಳೆಯಿಂದ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಕಟ್ಟಿರುವ ಸ್ನಾಯು, ಅದರ ಮೇಲೆ ಮೂತ್ರಕೋಶ, ಗರ್ಭಕೋಶ. ನನ್ನ ಜೋಲಿ ಸಡಿಲವಾಗಿತ್ತು. "ಬಿಗಿ ಹಿಡೀರಿ, ಐದು ಎಣಿಸ್ರಿ, ಪೂರ್ತಿ ಬಿಡ್ರಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು."

ಒಂದೂವರೆ ತಿಂಗಳು ಮಾಡಿದೆ. ಕಡಿಮೆಯಾಗುವ ಬದಲು ಹೆಚ್ಚಾಯಿತು. ಮತ್ತೆ ಹೋದೆ. ನನ್ನ ಒಪ್ಪಿಗೆ ಕೇಳಿ, ಗ್ಲೌಸ್ ಹಾಕಿ ಪರೀಕ್ಷಿಸುತ್ತ, ಹಿಡಿಯಲು ಹೇಳಿದಳು. ಹಿಡಿದೆ.

"ಅಯ್ಯೋ ಆಂಟಿ, ಹಿಡೀರಿ ಅಂದ್ರೆ ತಿಣುಕ್ತಾ ಇದೀರಲ್ಲ! ಕೆಳಗೆ ತಳ್ಳಾಕತ್ತೀರಿ!"

ಹೌದು. ಬಾಯಿ ಮುಚ್ಚಿ, ಉಸಿರು ಕಟ್ಟಿ, ಹೊಟ್ಟೆಯ ಬಲವನ್ನೆಲ್ಲ ಕೆಳಕ್ಕೆ ಹಾಕುತ್ತಿದ್ದೆ. ಆ ಜಾಗಕ್ಕೆ ನನ್ನ ಬದುಕಿನಲ್ಲಿ ಸಿಕ್ಕಿದ್ದ ಆಜ್ಞೆ ಅದೊಂದೇ. ಹೆರಿಗೆ ವಾರ್ಡಿನ ಆಯಾ ಕಾಲ ಬಳಿ ನಿಂತು ಕೂಗಿದ್ದಳು: "ತಿಣುಕವ್ವಾ, ತಿಣುಕು! ಉಂಡಿಲ್ಲೇನು?" ತಲೆಯ ನೆನಪನ್ನು ನಾನು ನಂಬುವವಳಲ್ಲ, ಮೈಯ ನೆನಪನ್ನಾದರೂ ನಂಬಬಹುದು ಎಂದುಕೊಂಡಿದ್ದೆ. ಅದು ತಪ್ಪನ್ನೇ ಬಾಯಿಪಾಠ ಮಾಡಿಕೊಂಡು ಕೂತಿತ್ತು.

"ಮೇಲಕ್ಕೆ ಆಂಟಿ. ತುಂಬಿದ ಸಭೆಯಾಗೆ ಗಾಳಿ ಬರಂಗಾದ್ರೆ ಏನ್ ಮಾಡ್ತೀರಿ? ಅದನ್ನ ಮಾಡ್ರಿ. ಉಸಿರು ಆಡ್ತಾ ಇರ್ಲಿ."

ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದುಕೊಟ್ಟಳು: ಹೊತ್ತು, ಜಾಗ, ಎಷ್ಟು, ಕಾರಣ. ದಿನವೂ ಬರೆದೆ. ನೆನಪಿಗೆ ಬಿಟ್ಟಿದ್ದರೆ ಬಣ್ಣ ಬದಲಾಗುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಪುಟಗಳಲ್ಲಿ ಖಾಲಿ ಜಾಗ ಹೆಚ್ಚಿತು. ಬಟ್ಟೆ ಮಡಿಸಿಡುವುದು ನಿಂತಿತು.

ಮತ್ತೆ ಹೋದಾಗ ಅವಳು ಪುಟ ತಿರುವಿದಳು. "ಕೆಮ್ಮು ಐತೆ, ಸೀನು ಐತೆ, ಬಕೆಟ್ ಎತ್ತಿದ್ದು ಐತೆ. ನಗು ಒಂದೂ ಇಲ್ವಲ್ಲ. ನೀವು ನಗಂಗೇ ಇಲ್ಲೇನು?"

ಅವಳಿಗೆ ಅದು ಲೆಕ್ಕಕ್ಕೆ ಬೇಕಿದ್ದ ಪ್ರಶ್ನೆ, ಅಷ್ಟೇ. "ಅದನ್ನೂ ನೋಡ್ಬೇಕು. ನಗು ಬರ್ತೈತೆ ಅಂದ ಕೂಡ್ಲೇ ಮೊದ್ಲು ಹಿಡೀರಿ, ಆಮೇಲೆ ನಗ್ರಿ."

ಮರುದಿನ ಹರಿಹರದ ಬಸ್ಸು ಹತ್ತಿದೆ.

ಅಕ್ಕ ಬಾಗಿಲು ತೆರೆದು, "ಬರ್ರಿ, ಕೂಡ್ರಿ" ಎಂದಳು. ನನಗೆ ಅವಳು ಯಾವತ್ತೂ 'ರಿ' ಹಚ್ಚಿದವಳಲ್ಲ. ಬೀಗರಿಗೆ ಕೊಡುವ ಸಾಸರ್ ಸಮೇತದ ಕಪ್ಪಿನಲ್ಲಿ ಚಹಾ ಕೊಟ್ಟಳು.

"ಅಕ್ಕಾ, ಅವತ್ತು..." ಎಂದೆ.

"ಅವತ್ತು ಏನಂದಿ, ನೆನಪೈತಾ? 'ಸಾಕು ಮಾಡು ನಿನ್ನ ಕುಣಿತ' ಅಂದಿ. ಓಣಿ ಹೆಂಗಸರ ಮುಂದೆ. ನೀಲಿ ಸೀರಿ ಉಟ್ಟಿದ್ದೆ, ಅದನ್ನ ಆಮೇಲೆ ಮುಟ್ಟಿಲ್ಲ."

ನನಗೆ ಆ ಮಾತು ನೆನಪಿಲ್ಲ. ಇದನ್ನು ಬರೆಯುತ್ತಿರುವಾಗಲೂ ಇಲ್ಲ. ಅಂದಿಲ್ಲ ಎನ್ನುವ ಧೈರ್ಯವೂ ಇಲ್ಲ.

"ನಗ್ತಾ ನಗ್ತಾ ಸೀರ್ಯಾಗೇ ಒಂದಕ್ಕೆ ಹೋಗಿತ್ತಕ್ಕಾ. ಅದಕ್ಕೇ ಎದ್ದು ಹೋದೆ."

ಅಕ್ಕ ನನ್ನನ್ನು ನೋಡಿದಳು. ನನ್ನ ಕೈಯ ಕಪ್ಪನ್ನು ನೋಡಿದಳು. ಅವಳ ಬಾಯಿಯ ಅಂಚು ನಡುಗಿತು.

"ಬೀಗನಿಗೆ ಕಣ್ಣಾಗ ಬಂತು, ಮೂಗಾಗ ಬಂತು. ನಿನಗೆ ಅಲ್ಲಿ ಬಂತೇನೇ? ಮಿರ್ಚಿ ಒಂದು, ನೀರು ಮೂರು ಕಡೆ!"

ನಗು ಏಳುವುದು ಗೊತ್ತಾಯಿತು. ಹಿಡಿದೆ. ಮೇಲಕ್ಕೆ, ಉಸಿರಾಡುತ್ತ, ಒಂದು, ಎರಡು, ಮೂರು. ಒಂದು ಹನಿಯೂ ಹೋಗಲಿಲ್ಲ. ಐದು ಎಣಿಸಿ ಬಿಡುವಷ್ಟರಲ್ಲಿ ನಗುವೂ ಇರಲಿಲ್ಲ. ಅಕ್ಕ ಒಬ್ಬಳೇ ನಗುತ್ತಿದ್ದಳು. ನನ್ನ ಮುಖ ಕಂಡು ನಿಲ್ಲಿಸಿದಳು.

"ಇನ್ನೂ ಸಿಟ್ಟೈತೇನು?"

ಎಣಿಸುತ್ತಿದ್ದೆ ಎನ್ನಬೇಕಿತ್ತು. ಇಲ್ಲವೆಂದು ತಲೆಯಾಡಿಸಿದೆ. ಅವಳು ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಹೊರಡುವಾಗ, "ಬರ್ತಿರು" ಎಂದಳು. 'ರಿ' ಇರಲಿಲ್ಲ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಬಸ್ಸು ಬಾತಿ ಊರಿನ ಹತ್ತಿರ ಬಂದಾಗ ನಗು ಬಂತು. ಮಿರ್ಚಿ ಒಂದು, ನೀರು ಮೂರು ಕಡೆ. ಕಿಟಕಿಗೆ ಹಣೆ ಒತ್ತಿ, ಭುಜ ಕುಣಿಸುತ್ತ, ಕಣ್ಣೀರು ಬರುವಂತೆ ನಕ್ಕೆ. ಪಕ್ಕದ ಹೆಂಗಸು ತನ್ನ ಬ್ಯಾಗನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ಆ ಕಡೆಗೆ ಸರಿದಳು. ಹಿಡಿಯುವುದು ಮರೆತೇಹೋಗಿತ್ತು.

ಮನೆಗೆ ಬಂದು ನೋಟ್‌ಬುಕ್ಕು ತೆರೆದೆ. ಸಂಜೆ ಐದು. ಬಾತಿ. ಎರಡು ಹನಿ. ಕಾರಣ: ನಗು. ಜೊತೆಗೆ ಯಾರಿದ್ದರು ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ.