ತೋಳಿಗ್ಯಾಕ ಬೀಗ?

ಅವರ ತುಟಿಯ ಎಡಮೂಲೆಯಲ್ಲಿ ಸದಾ ಮೂರ್ನಾಲ್ಕು ಗುಂಡುಸೂಜಿಗಳಿರುತ್ತಿದ್ದವು. ಹಾಗಾಗಿ ಮಾತೆಲ್ಲ ಬಲಮೂಲೆಯಿಂದ, ಸ್ವಲ್ಪ ಓರೆಯಾಗಿ ಬರುತ್ತಿತ್ತು. ರಂಗಂಪೇಟೆಯಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿದ ಮನೆ ಅವರದು. ಹೆಂಗಸರ ಕುಪ್ಪಸ ಹೊಲಿಯುತ್ತಿದ್ದರು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ವಡಗೇರಾದಿಂದ ಸೊಸೆಯಾಗಿ ಬಂದ ನನಗೂ ಖಾಲಾ ಆದರು.

ನನ್ನ ಗಂಡ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದರು. ಕೇಬಲ್ ವಾಯರನ್ನು ನೇರ ಅದರ ಬೆನ್ನಿಗೆ ಸಿಕ್ಕಿಸಿ ಟಿ.ವಿ. ನೋಡಬಹುದಿತ್ತು, ಬೇಕಾದಲ್ಲಿ ಚಿತ್ರ ನಿಲ್ಲಿಸಬಹುದಿತ್ತು. ಅದು ತಿಳಿದ ಮೇಲೆ ಖಾಲಾ ನಮ್ಮಲ್ಲಿ ಬಂದು ಮಧ್ಯಾಹ್ನದ ಧಾರಾವಾಹಿ ನೋಡುವುದನ್ನು ತಪ್ಪಿಸಲಿಲ್ಲ. ಯಾರು ಯಾರ ಹೆಂಡತಿ, ಯಾರು ಯಾಕೆ ಅಳುತ್ತಾರೆ ಎಂಬುದು ಅವರಿಗೆ ಬೇಕಿರಲಿಲ್ಲ. ಅತ್ತೆ ಸೊಸೆಗೆ ಹೊಡೆಯಲು ಕೈ ಎತ್ತಿದಳೆಂದರೆ "ನಿಲ್ಸು ಬೇಟಿ" ಎನ್ನುವರು. ಕುಪ್ಪಸದ ತೋಳನ್ನು ಎಲ್ಲಿ ಕೂಡಿಸಿದ್ದಾರೆಂದು ಪರದೆಗೆ ಮೂಗು ತಾಗಿಸಿ ನೋಡುವರು.

ಕೇಬಲ್ ಡಿಜಿಟಲ್ ಆದ ವರ್ಷ ಆ ಪರದೆ ಕಪ್ಪಾಯಿತು. ಅದೇ ವಾರ ಶಹಾಪುರದ ಮದುಮಗಳೊಬ್ಬಳು, ಧಾರಾವಾಹಿಯ ಮದುವೆಯಲ್ಲಿ ನಾಯಕಿ ತೊಟ್ಟ ಕುಪ್ಪಸವೇ ಬೇಕೆಂದು ರೇಷ್ಮೆ ಬಟ್ಟೆ ಕೊಟ್ಟುಹೋಗಿದ್ದಳು. ಈಗ ಚಾನಲ್ಲುಗಳೆಲ್ಲ ಬೀಗ ಹಾಕಿಕೊಂಡು ಬರುತ್ತವೆ, ಕೀಲಿ ಇರುವುದು ಹೊಸ ಡಬ್ಬಿಯಲ್ಲಿ ಮಾತ್ರ, ಕಂಪ್ಯೂಟರಿಗೆ ಬಿಡಿಸಲು ಬಾರದು ಎಂದ ಕೇಬಲ್‌ನವನು. ಡಬ್ಬಿಯನ್ನು ಹಳೆಯ ಟಿ.ವಿ.ಗೆ ಹಾಕಿ ಹೋದ. ಅಲ್ಲಿ ಚಿತ್ರ ಓಡುತ್ತಿತ್ತು, ನಿಲ್ಲುತ್ತಿರಲಿಲ್ಲ.

"ಕಥಿಗೆ ಬೀಗ ಹಾಕ್ಲಿ, ತೋಳಿಗ್ಯಾಕ ಬೀಗ?" ಎಂದರು ಖಾಲಾ. ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಬೀಗ ತೆಗೆದ ಚಿತ್ರ ಡಬ್ಬಿಯಿಂದ ಟಿ.ವಿ.ಗೆ ಯಾವ ದಾರಿಯಲ್ಲಿ ಹೋಗುತ್ತದೆ? ಆ ದಾರಿ ಕಂಪ್ಯೂಟರಿಗೆ ಯಾಕಿಲ್ಲ? ನನಗೆ ಗೊತ್ತಿರಲಿಲ್ಲ. ಅದು ಗಂಡನ ಸಾಮಾನು, ಗುಂಡಿ ಒತ್ತುವುದು ಬಿಟ್ಟು ಬೇರೇನೂ ಮುಟ್ಟಿದವಳಲ್ಲ, ಕೆಟ್ಟರೆ ಏನು ಗತಿ ಎಂದೆ.

"ನಾ ನಮ್ಮ ಅಮ್ಮೀದು ಚಲೋ ಜಂಪರ್ ಬಿಚ್ಚೇ ಹೊಲ್ಯಾಕ ಕಲ್ತೆ. ಬಡಿಸ್ಕೊಂಡೆ, ಖರೆ. ಆದ್ರ ಕಲ್ತೆ."

ಇಬ್ಬರೂ ಕಂಪ್ಯೂಟರನ್ನು ಗೋಡೆಯಿಂದ ಸರಿಸಿ ಹಿಂದೆ ಬಗ್ಗಿದೆವು. ಕೇಬಲ್ ಸಿಕ್ಕಿಸುವ ತೂತಿನ ಪಕ್ಕದಲ್ಲೇ ಧೂಳು ತುಂಬಿದ ಹಳದಿ ತೂತೊಂದಿತ್ತು. ಡಬ್ಬಿಯಿಂದ ಟಿ.ವಿ.ಗೆ ಹೋದ ವಾಯರುಗಳಲ್ಲೂ ಒಂದು ಹಳದಿ. "ಬಟ್ಟಿಗೆ ದಾರ ಹೊಂದ್ತದ ನೋಡು" ಎಂದರು ಖಾಲಾ. ಸಿಕ್ಕಿಸಿದೆ. ಪರದೆ ಕಪ್ಪಾಗಿಯೇ ಇತ್ತು. ಹೊಸ ದಾರಿಯನ್ನು ಕಂಪ್ಯೂಟರಿಗೂ ತಿಳಿಸಬೇಕೆಂಬುದು ಹೊಳೆಯಲು ಇನ್ನೊಂದು ಮಧ್ಯಾಹ್ನ ಬೇಕಾಯಿತು. ಒಂದೊಂದೇ ಆಯ್ಕೆ ಒತ್ತುತ್ತ ಹೋದಂತೆ, ಬಹಳ ಸಲ ಒಗೆದ ಸೀರೆಯಂತೆ ಬಣ್ಣ ಮಾಸಿದ ಚಿತ್ರ ಮೂಡಿತು. ಖಾಲಾ ಬಾಯಿಂದ ಸೂಜಿ ತೆಗೆದಿಟ್ಟು ಮನಸಾರೆ ನಕ್ಕರು.

ಮದುವೆಯ ಕಂತು ಮರುಪ್ರಸಾರವಾದಾಗ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ತೋಳು ಕಂಡಿತು, ಬೆನ್ನು ಮಾತ್ರ ಎಲ್ಲೂ ಕಾಣಲಿಲ್ಲ, ಉದ್ದಕ್ಕೂ ಹೂವಿನ ಜಡೆ. ಬೆನ್ನನ್ನು ಖಾಲಾ ತಾವೇ ಯೋಚಿಸಿ ಹೊಲಿದರು. ಮದುಮಗಳು ಹುಬೇಹೂಬ್ ಅದೇ ಎಂದು ಕುಣಿದಾಗ ಸುಮ್ಮನಿರಬಹುದಿತ್ತು. "ತೋಳು ಟೀವ್ಯಾಗಿಂದು, ಬೆನ್ನು ನಂದು" ಎಂದುಬಿಟ್ಟರು. ಹುಡುಗಿ ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮುಂದೆ ತಂಗಿಯ ಮದುವೆಗೆ ಬಂದಾಗ ಯಾವ ಧಾರಾವಾಹಿಯ ಹೆಸರನ್ನೂ ಹೇಳಲಿಲ್ಲ, ಖಾಲಾಗೆ ತಿಳಿದಂತೆ ಹೊಲಿಯಲಿ ಎಂದಳು.

ಆ ಹಳದಿ ವಾಯರಿನ ನಂತರ ನನಗೆ ಯಂತ್ರಗಳ ಹಿಂಬದಿ ನೋಡುವ ಹುಚ್ಚು ಹಿಡಿಯಿತು. ಈಗ ಸುರಪುರದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ.

ಖಾಲಾ ಸಕ್ಕರೆ ಕಾಯಿಲೆಯಿಂದ ಸೊರಗಿ, ಯಾದಗಿರಿಯ ಮಗಳ ಮನೆಯಲ್ಲಿ ತೀರಿಕೊಂಡರು. ಮಗಳನ್ನು ಮಾತನಾಡಿಸಿ ಬರಲು ಹೋದಾಗ ಆಕೆ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗಿದ್ದ ಹೆಂಗಸರಿಗೆ ಹೇಳಿದಳು: "ಅಮ್ಮೀಗಿ ಕಂಪ್ಯೂಟರ್ ಕಲಿಸಿದ ಉಸ್ತಾದ್ ಇವ್ರೇ ನೋಡ್ರಿ." ಖಾಲಾ ಎಲ್ಲರ ಮುಂದೆಯೂ ಹಾಗೆಯೇ ಹೇಳಿಕೊಂಡಿದ್ದರಂತೆ. ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಖಾಲಾ ತಿರುವುಮುರುವು ಹೇಳಿದ್ದಾರೆ, ಕಲಿತವಳು ನಾನು ಎನ್ನಬೇಕೆನಿಸಿತು. ಆದರೂ ಆ ಹೆಂಗಸರು ತೋರಿಸಿದ ಜಾಗದಲ್ಲಿ ಕೂತೆ.