ಮಧುಗಿರಿ ಕೋಟೆ ಇವತ್ತು ಬಂದ್ ಅಂತೆ!

ಕೇಳಿ ಗೆಳೆಯರೇ, ಇವತ್ತು ಮಧುಗಿರಿ ಕೋಟೆಯ ಬುಡದಲ್ಲಿ ಒಬ್ಬ ಆಟೋದವನು ನಮ್ಮನ್ನು ತಡೆದ.

"ಕೋಟೆ ಇವತ್ತು ಬಂದ್ ಅಕ್ಕ. ಆಟೋ ಹತ್ತಿ, ಬೇರೆ ಜಾಗ ತೋರಿಸ್ತೀನಿ."

ಮದುವೆಯಾದಾಗಿನಿಂದ ಈ ಬೆಟ್ಟ ಹತ್ತುವ ಆಸೆ ನನಗೆ. ಅಳುವುದೊಂದು ಬಾಕಿ. ಗಂಡ ಆಗಲೇ ಆಟೋದೊಳಗೆ ಒಂದು ಕಾಲಿಟ್ಟಿದ್ದರು.

ಐ.ಡಿ.ಹಳ್ಳಿಯ ನಮ್ಮತ್ತೆ ಬಂಡೆಯತ್ತ ಕೈ ತೋರಿಸಿದರು. "ಅಂಗಾದ್ರೆ ಅಲ್ಲಿ ಹತ್ತಾ ಇರೋರು ಯಾರಪ್ಪಾ?"

"ಅವ್ರು ನಿನ್ನೆ ಹೋದೋರು ಕಣಮ್ಮ. ಈಗ ಇಳೀತಾವ್ರೆ."

"ಮೇಲಕ್ಕೆ ಇಳೀತಾವ್ರಾ?"

ಅವನಿಗೇ ನಗು ಬಂದುಬಿಟ್ಟಿತು. ನಾವಿಬ್ಬರೂ ಬೆಟ್ಟ ಹತ್ತಿದೆವು. ಮಂಡಿನೋವಿನ ಅತ್ತೆ ಅವನ ಆಟೋದಲ್ಲೇ ಕೂತು ಕಾದರು. ನಾವು ಇಳಿದು ಬರುವಷ್ಟರಲ್ಲಿ ಅವನಿಗೆ ಹೆಣ್ಣು ಹುಡುಕುವ ಜವಾಬ್ದಾರಿ ಹೊತ್ತುಕೊಂಡಿದ್ದರು.

"ಒಳ್ಳೆ ಹುಡ್ಗ ಕಣಮ್ಮ," ಎಂದರು ನನಗೆ. "ನೆಟ್ಟಗೆ ಒಂದು ಸುಳ್ಳು ಹೇಳಾಕೂ ಬರಾಕಿಲ್ಲ!"