ಅಪ್ಪನ ಹತ್ತರಿಯ ಕುಂಕುಮ

ಹಲಸೂರಿನ ಫ್ರೇಮ್ ಅಂಗಡಿಯಲ್ಲಿ ಮೋನಿಷಾ ಅವಸರದಲ್ಲಿದ್ದಳು. ಅಪ್ಪ ಮುನಿರಾಜಪ್ಪನವರ ತಿಥಿ ನಾಳೆ. ಅವರ ಫೋಟೋದ ಚೌಕಟ್ಟಿಗೆಂದು, ಕೆಡವಿದ ಮನೆಯ ಬಾಗಿಲಿನಿಂದ ಉಳಿಸಿಕೊಂಡಿದ್ದ ತೇಗದ ಪಟ್ಟಿಗಳು ನಾಲ್ಕೇ. ಜೋಡಿಸಿ ನೋಡಿದರೆ ಮೂಲೆ ಬಾಯಿ ಬಿಟ್ಟಿತ್ತು. ತುದಿಗಳನ್ನು ಇನ್ನೊಂದೇ ಸಲ ಸವರಬಹುದು. ಅದೂ ತಪ್ಪಿದರೆ ಪಟ್ಟಿ ಫೋಟೋಗೆ ಸಾಲುವುದಿಲ್ಲ.

ತುದಿ ಸವರುವ ಹಲಗೆಯ ಹತ್ತಿರ ಮರ ಹೆರೆಯುವ ಎರಡು ಹತ್ತರಿಗಳಿದ್ದವು. ಹಲಗೆಯ ಮೇಲೆ ಪಕ್ಕಕ್ಕೆ ಮಲಗಿಸಿ ಓಡಿಸಿದಾಗ ಅಲುಗು ನೆಟ್ಟಗೆ ನಿಲ್ಲುವಂಥದ್ದೇ ಬೇಕು. ಅಪ್ಪನ ಮರದ ಹತ್ತರಿ ವಾಲುತ್ತಿತ್ತು. ಅವಳ ಕೈ ಶಿವಾಜಿನಗರದಿಂದ ತಂದ ಕಬ್ಬಿಣದ್ದರತ್ತ ಹೋಯಿತು.

“ಅದನ್ನ ಮುಟ್ಟಿದ್ರೆ ನೋಡು!” ಸ್ಟೂಲಿನ ಮೇಲಿಂದ ಅಮ್ಮ ವೆಂಕಟಮ್ಮ ಗದರಿದಳು. “ನಿಮ್ಮಪ್ಪನ ಫೋಟೋಗೆ ನಿಮ್ಮಪ್ಪಂದೇ ಹತ್ತರಿ.”

“ವಾಲ್ತಿದೆ ಕಣಮ್ಮ!”

“ಅವ್ರ ಕೈಲಿ ಯಾವತ್ತೂ ವಾಲಿಲ್ಲ.”

ಮೋನಿಷಾ ಸಿಟ್ಟಿನಿಂದ ಅದನ್ನು ಮಗುಚಿ ಬೆಳಕಿಗೆ ಹಿಡಿದಳು. ಹಲಗೆಗೆ ತಾಗುವ ಪಕ್ಕದಲ್ಲೇ ಎಣ್ಣೆ ಕುಡಿದ ಕುಂಕುಮ ಪದರದ ಮೇಲೆ ಪದರವಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಪ್ಪ ಹೋದಮೇಲೂ ಅಮ್ಮ ಒಂದು ಆಯುಧಪೂಜೆಯನ್ನೂ ತಪ್ಪಿಸಿರಲಿಲ್ಲ.

“ನೋಡು, ನೀನಿಟ್ಟ ಕುಂಕುಮದಿಂದಾನೇ ಇದು ವಾಲ್ತಿರೋದು.”

ವೆಂಕಟಮ್ಮ ಬೆರಳಾಡಿಸಿ ನೋಡಿದಳು. ಆಮೇಲೆ ಉಳಿ ತೆಗೆದುಕೊಂಡು ತಾನೇ ಕೆರೆಯತೊಡಗಿದಳು. ಕೆಂಪು ಪುಡಿ ಮಡಿಲಿಗೆ ಉದುರಿತು.

“ನಿಮ್ಮಪ್ಪ ಹಬ್ಬದ ಮಾರನೇ ದಿನಾನೇ ಕುಂಕುಮ ಒರೆಸಿಬಿಡ್ತಿದ್ರು ಕಣೇ,” ಅಂದಳು. “ದೇವರ ಭಯ ಇಲ್ವಾ ಅಂತ ಪ್ರತಿ ವರ್ಷಾನೂ ಬೈದೆನಲ್ಲೇ! ಯಾಕೆ ಅಂತ ಒಂದ್ಸಲಾನೂ ಹೇಳಲಿಲ್ಲ ಆ ಮನುಷ್ಯ.”